ಚಿವುಟಿದ ಅಳು

ಆ ಜಿಲ್ಲೆಯಲ್ಲಿ ಮಕ್ಕಳ ತುರ್ತು ಚಿಕಿತ್ಸೆ ಬಲ್ಲ ಒಬ್ಬ ಡಾಕ್ಟರೂ ಇರಲಿಲ್ಲ. ಆಂಬುಲೆನ್ಸುಗಳಿದ್ದವು. ಅವುಗಳಲ್ಲಿ ದೊಡ್ಡವರ ಮುಖಕ್ಕೆ ಕೂರುವ ಮಾಸ್ಕ್ ಇತ್ತು, ದೊಡ್ಡವರ ನರಕ್ಕೆ ಹೋಗುವ ಸೂಜಿ ಇತ್ತು. ಎರಡು ವರ್ಷದ ಮಗುವನ್ನು ಮಲಗಿಸಿದರೆ ಮಾಸ್ಕ್ ಗದ್ದದ ಕೆಳಗೆ ಜಾರುತ್ತಿತ್ತು, ಆಕ್ಸಿಜನ್ ಮಗುವಿನ ಕುತ್ತಿಗೆಗೆ ಬೀಸುತ್ತಿತ್ತು.

ಇದನ್ನು ಸರಿಪಡಿಸಲೆಂದು ಸರ್ಕಾರ ಅನುದಾನ ಕೊಟ್ಟಿತು. ಮೂರು ಗಾಡಿಗಳು ಬಂದವು. ಅವುಗಳಲ್ಲಿ ಚಿಕ್ಕ ಮಾಸ್ಕ್, ಚಿಕ್ಕ ಸೂಜಿ, ಮಗು ಮಲಗಿದ ಕೂಡಲೇ ಅದರ ತೂಕಕ್ಕೆ ತಕ್ಕ ಔಷಧಿಯ ಪ್ರಮಾಣ ಹೇಳುವ ಹಾಸಿಗೆ, ತರಬೇತಿ ಪಡೆದ ನರ್ಸ್. ದೂರದ ಊರಿನ ಮಕ್ಕಳ ಡಾಕ್ಟರು ಗಾಡಿಯ ಪರದೆಯಲ್ಲಿ ಕಾಣಿಸಿಕೊಂಡು ನರ್ಸಿಗೆ ಹೇಳಿಕೊಡುತ್ತಿದ್ದರು. ಎಲ್ಲ ಚೆನ್ನಾಗಿತ್ತು. ಆದರೆ ಇಡೀ ಜಿಲ್ಲೆಗೆ ಮೂರೇ ಗಾಡಿ. ಯಾವ ಮಗುವಿಗೆ ಗಾಡಿ ಹೋಗಬೇಕು, ಯಾವ ಮಗುವಿಗೆ ಬೇಡ ಎಂದು ಯಾರಾದರೂ ಹೇಳಬೇಕಿತ್ತು. ಅದನ್ನು ಹೇಳಲು ಒಂದು ಯಂತ್ರ ಮಾಡಿದರು.

ಯಂತ್ರ ಫೋನಿನಲ್ಲಿ ಮಗುವಿನ ಅಳು ಕೇಳುತ್ತಿತ್ತು. ನಿಜವಾಗಿ ಅದು ಅಳುವಿಗಿಂತ ಹೆಚ್ಚಾಗಿ ಎರಡು ಅಳುಗಳ ನಡುವಿನ ಉಸಿರನ್ನು ಕೇಳುತ್ತಿತ್ತು. ಮಗು ಎಷ್ಟು ಗಾಳಿ ಎಳೆದುಕೊಂಡಿತು, ಎಳೆಯುವಾಗ ಗಂಟಲು ಗೊರಗುಟ್ಟಿತೇ, ಬಿಡುವಾಗ ನರಳಿತೇ, ರಕ್ತದಲ್ಲಿ ಆಕ್ಸಿಜನ್ ಇಳಿದಾಗ ದನಿಗೆ ಬರುವ ಸಣ್ಣ ನಡುಕ ಇದೆಯೇ. ಸಾವಿರಾರು ಮಕ್ಕಳ ಅಳು ಕೇಳಿಸಿ ಅದಕ್ಕೆ ಇದನ್ನು ಕಲಿಸಿದ್ದರು. ಕೇಳಿದ ಮೇಲೆ ಅದು ಪರದೆಯ ಮೇಲೆ ಒಂದು ಬಣ್ಣ ತೋರಿಸುತ್ತಿತ್ತು. ಕೆಂಪು ಬಂದರೆ ಗಾಡಿ ಹೊರಡಬೇಕು. ಹಳದಿ ಬಂದರೆ ಹತ್ತಿರದ ಆರೋಗ್ಯ ಕೇಂದ್ರದ ನರ್ಸ್ ಹೋಗಿ ನೋಡಬೇಕು. ಬಿಳಿ ಬಂದರೆ, ಮನೆಯಲ್ಲೇ ಇರಿ, ಅರ್ಧ ಗಂಟೆ ಬಿಟ್ಟು ಮತ್ತೆ ಫೋನು ಮಾಡಿ. ಜನ ಅದನ್ನು ಅಳುತಕ್ಕಡಿ ಎಂದು ಕರೆದರು.

ಮಾತನ್ನು ಅದು ಕೇಳುತ್ತಿರಲಿಲ್ಲ. ಇದು ಮರೆತು ಆದದ್ದಲ್ಲ. ಯಂತ್ರ ಕಟ್ಟಿದ ಇಂಜಿನಿಯರ್ ಸರೋಜಿನಿ ಬಡಿಗೇರ ಬೇಕೆಂದೇ ಹಾಗೆ ಮಾಡಿದ್ದಳು. ಮಾತು ಕೇಳಿದರೆ ಮಾತು ಬಲ್ಲವರಿಗೆ ಗಾಡಿ ಹೋಗುತ್ತದೆ. ಪಂಚಾಯ್ತಿ ಸದಸ್ಯನ ಮೊಮ್ಮಗನಿಗೆ ನೆಗಡಿಯಾದರೆ ಅವನು ಎಂಥೆಂಥ ಶಬ್ದ ಬಳಸಿಯಾನು ಎಂಬುದು ಅವಳಿಗೆ ಗೊತ್ತಿತ್ತು. ಅವಳಪ್ಪ ಬಡಗಿ. ಆಸ್ಪತ್ರೆಯ ಕೌಂಟರಿನ ಮುಂದೆ ಬಾಯಿ ತೆರೆಯಲು ಅಂಜುವ ಮನುಷ್ಯ. ಉಸಿರಿಗೆ ಜಾತಿ ಇಲ್ಲ, ವಶೀಲಿ ಇಲ್ಲ ಎಂದು ಅವಳು ಮೊದಲ ಸಭೆಯಲ್ಲಿ ಹೇಳಿದ್ದಳು. ಚಪ್ಪಾಳೆ ಬಿದ್ದಿತ್ತು.

ಮೊದಲ ವರ್ಷ ಯಂತ್ರ ಚೆನ್ನಾಗಿ ಕೆಲಸ ಮಾಡಿತು. ಕೆಂಪು ಎಂದ ಕಡೆ ನಿಜವಾಗಿಯೂ ನ್ಯುಮೋನಿಯಾ ಇರುತ್ತಿತ್ತು, ಗಂಟಲಲ್ಲಿ ಶೇಂಗಾ ಸಿಕ್ಕಿರುತ್ತಿತ್ತು. ಆಮೇಲೆ ಜನ ಅದನ್ನು ಅರ್ಥ ಮಾಡಿಕೊಂಡರು.

ಮೆಲ್ಲಗೆ ಅಳುವ ಮಗುವಿಗಿಂತ ಜೋರಾಗಿ ಅಳುವ ಮಗುವಿಗೆ ಗಾಡಿ ಬೇಗ ಬರುತ್ತದೆ ಎಂಬುದು ಊರೂರಿಗೆ ತಿಳಿಯಿತು. ಅದು ಪೂರ್ತಿ ನಿಜವೂ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ಜ್ವರದಿಂದ ಸುಸ್ತಾದ ಮಗು ಅತ್ತರೆ ತಾನೆ ಯಂತ್ರ ಉಸಿರು ಕೇಳುವುದು. ಹಾಗಾಗಿ ಹೆಂಗಸರು ಮಗುವಿನ ತೊಡೆ ಚಿವುಟಿ ಫೋನು ಹಿಡಿಯತೊಡಗಿದರು. ಚಿವುಟಿದಾಗ ಮಗು ಉಸಿರು ಕಟ್ಟಿ ಅಳುತ್ತದೆ. ಯಂತ್ರ ಉಸಿರು ಕಟ್ಟಿದ್ದನ್ನು ಕೇಳಿ ಕೆಂಪು ತೋರಿಸುತ್ತಿತ್ತು. ಗಾಡಿ ಹೋಗಿ ನೋಡಿದರೆ ಮಗುವಿಗೆ ಹೊಟ್ಟೆನೋವು, ತೊಡೆಯ ಮೇಲೆ ನೀಲಿ ಕಲೆ.

ಗ್ರಾನೈಟ್ ಗಣಿಯ ಶೆಡ್ಡುಗಳಲ್ಲಿ ಇದಕ್ಕೆ ಬಸಮ್ಮ ಹೆಸರಾಗಿದ್ದಳು. ಕೂಸಿಗೆ ಹುಷಾರಿಲ್ಲದವರು ಫೋನಿಗಿಂತ ಮೊದಲು ಬಸಮ್ಮನನ್ನು ಕರೆಯುತ್ತಿದ್ದರು. ಗಿಣ್ಣಿನ ಮ್ಯಾಲೆ ಅಲ್ಲ, ಒಳತೊಡಿಗೆ ಹಿಡೀಬೇಕು, ಹಿಡದು ತಿರುವಬೇಕು ಎಂದು ಅವಳು ಹೇಳಿಕೊಡುತ್ತಿದ್ದಳು. ಹಲ್ಲುನೋವು ಎಂದು ಗೊಣಗಿದ, ಕೂಲಿಯವರ ಮೇಸ್ತ್ರಿ ಮುಕಾದಮನಿಗೂ ಒಮ್ಮೆ, ಬಾ ಮಾರಾಯ, ನಿನಗೂ ಗಾಡಿ ತರಸ್ತೀನಿ ಎಂದು ಕೈ ಚಾಚಿದ್ದಳಂತೆ.

ಸರೋಜಿನಿ ಈ ಕತೆ ಕೇಳಿ ನಕ್ಕಿದ್ದಳು. ಆಗಿನ್ನೂ ನಗುವ ಹಾಗಿತ್ತು.

ಎರಡನೆಯ ವರ್ಷದ ಕೊನೆಗೆ ಗಾಡಿಗಳನ್ನೂ ಯಂತ್ರವನ್ನೂ ನಡೆಸುವ ಮಕ್ಕಳ ತುರ್ತು ಕೇಂದ್ರದ ನಿರ್ದೇಶಕ ಇನಾಮದಾರ ಅವಳನ್ನು ಕರೆದು, ಗಾಡಿಗಳ ಓಡಾಟದಲ್ಲಿ ಅರ್ಧಕ್ಕಿಂತ ಹೆಚ್ಚು ವ್ಯರ್ಥ ಎಂದು ಹೇಳಿದ. ಅವನು ಕೆಟ್ಟವನಲ್ಲ. ಈ ಅನುದಾನಕ್ಕಾಗಿ ಬೆಂಗಳೂರಿಗೆ ಅಲೆದು ಚಪ್ಪಲಿ ಸವೆಸಿದವನು ಅವನೇ. ಅನುದಾನದ ಷರತ್ತಿನಲ್ಲಿ ವ್ಯರ್ಥ ಓಡಾಟಕ್ಕೆ ಒಂದು ಮಿತಿ ಇತ್ತು. ಮಿತಿ ಮೀರಿದರೆ ಮೂರನೆಯ ಕಂತು ಬರುವುದಿಲ್ಲ, ಗಾಡಿಗಳು ಬೇರೆ ಜಿಲ್ಲೆಗೆ ಹೋಗುತ್ತವೆ. ಪರಿಶೀಲನಾ ಸಮಿತಿ ಬರುವುದರೊಳಗೆ ಚಿವುಟಿದ ಅಳುವನ್ನು ಗುರುತಿಸಿ ಬಿಳಿ ತೋರಿಸುವ ಹಾಗೆ ಯಂತ್ರವನ್ನು ತಿದ್ದಬೇಕು ಎಂದ.

ಚಿವುಟಿದ ಅಳು ಹೇಗಿರುತ್ತದೆ ಎಂದು ಯಂತ್ರಕ್ಕೆ ಕಲಿಸಲು ಅಂಥ ಅಳುಗಳು ಬೇಕು. ಸರೋಜಿನಿ ಅಂಗನವಾಡಿಗಳಲ್ಲಿ ಲಸಿಕೆ ಹಾಕುವ ದಿನ ಹೋಗಿ ಕೂತಳು. ಸೂಜಿ ಚುಚ್ಚಿದಾಗಿನ ಅಳು ಚಿವುಟಿದಾಗಿನ ಅಳುವಿನಂತೆಯೇ ಇರುತ್ತದೆ. ನೋವು ಒಮ್ಮೆಲೇ ಬರುತ್ತದೆ. ಮೊದಲು ಒಂದು ಗಳಿಗೆ ಸದ್ದಿಲ್ಲ, ಬಾಯಿ ತೆರೆದೇ ಇರುತ್ತದೆ. ಆಮೇಲೆ ಕಿವಿ ಸೀಳುವ ಉದ್ದನೆಯ ಅಳು, ಅದರ ಹಿಂದೆ ದೊಡ್ಡ ಉಸಿರು. ಜ್ವರದ, ದಮ್ಮಿನ ಅಳು ಹೀಗೆ ಶುರುವಾಗುವುದಿಲ್ಲ. ಅವಳು ನೂರಾರು ಅಳು ಹಿಡಿದು ತಂದಳು. ಯಂತ್ರ ಬೇಗ ಕಲಿತುಕೊಂಡಿತು.

ಸರೋಜಿನಿ ಅಕ್ಕನ ಮನೆಯಲ್ಲಿ ಇರುತ್ತಿದ್ದಳು. ಒಂದು ಭಾನುವಾರ ಅಕ್ಕ ರೊಟ್ಟಿ ಬಡಿಯುತ್ತಿದ್ದಾಗ ಅವಳು ಫೋನು ಪಕ್ಕದಲ್ಲಿಟ್ಟುಕೊಂಡು ಅಕ್ಕನ ಮಗನ ತೊಡೆ ಚಿವುಟಿದಳು. ಯಂತ್ರ ಸರಿಯಾಗಿ ಬಿಳಿ ತೋರಿಸಿತು. ಹುಡುಗನಿಗೆ ಒಂದೂವರೆ ವರ್ಷ, ಅಳು ನಿಲ್ಲಲಿಲ್ಲ. ಅಕ್ಕ ಹಿಟ್ಟಿನ ಕೈಯಲ್ಲೇ ಬಂದು ಮಗುವನ್ನು ಎತ್ತಿಕೊಂಡಳು, ತೊಡೆ ನೋಡಿದಳು, ಫೋನು ನೋಡಿದಳು.

"ನಿನ್ನ ಮಷಿನ್ ಸಲುವಾಗಿ ನನ್ನ ಕೂಸನ್ನ ಚಿವುಟಿದೇನ?" ಎಂದು ಕೇಳಿದಳು.

ಪರೀಕ್ಷೆ ಮಾಡಬೇಕಿತ್ತು ಎಂದು ಸರೋಜಿನಿ ಹೇಳಿದಳು. ಅಕ್ಕ ಒಳಗೆ ಹೋದಳು, ಎರಡು ದಿನ ಅವಳನ್ನು ತಾನಾಗಿ ಊಟಕ್ಕೆ ಕರೆಯಲಿಲ್ಲ. ಹುಡುಗನಂತೂ ಅವಳ ಕೈ ಹತ್ತಿರ ಬಂದಾಗೆಲ್ಲ ಕಾಲು ಮಡಚಿಕೊಳ್ಳುತ್ತಿದ್ದ.

ಅದೇ ವಾರ ಅವಳಿಗೆ ಇನ್ನೊಂದು ಹೊಳೆಯಿತು. ಒಮ್ಮೆಲೇ ಬರುವ ನೋವು ಚಿವುಟಿದ್ದಷ್ಟೇ ಅಲ್ಲ. ಸುಟ್ಟ ಗಾಯವೂ ಹಾಗೆಯೇ ಶುರುವಾಗುತ್ತದೆ. ಯಂತ್ರಕ್ಕೆ ಕಲಿಸಲು ಕೂಡಿಸಿದ ಅಳುಗಳ ಸಂಗ್ರಹದಲ್ಲಿ ಸುಟ್ಟ ಗಾಯದ ಅಳುಗಳು ಬೇಕಾದಷ್ಟು ಇದ್ದವು. ಆ ಅಳು ಇಳಿಯುವುದಿಲ್ಲ, ಏರುತ್ತ ಹೋಗುತ್ತದೆ. ಯಂತ್ರ ಬೇರ್ಪಡಿಸುತ್ತಿತ್ತು. ಆದರೆ ಚೇಳು? ಚೇಳಿನದೂ ಸೂಜಿಯೇ. ಆ ಜಿಲ್ಲೆಯ ಕಲ್ಲಿನ ಸಂದಿಯಲ್ಲಿ ಕೆಂಪು ಚೇಳು ಇರುತ್ತದೆ. ದೊಡ್ಡವರಿಗೆ ಕಡಿದರೆ ಉರಿ. ಚಿಕ್ಕ ಮಕ್ಕಳಿಗೆ ಕಡಿದರೆ ಮೈ ಬೆವೆತು ತಣ್ಣಗಾಗುತ್ತದೆ, ವಾಂತಿಯಾಗುತ್ತದೆ, ಹೃದಯ ಸೋತು ಎದೆಯೊಳಗೆ ನೀರು ತುಂಬುತ್ತದೆ. ಬಿಗಿದ ರಕ್ತನಾಳ ಸಡಿಲಿಸುವ ಒಂದು ಅಗ್ಗದ ಮಾತ್ರೆ ಇದೆ. ಬೇಗ ಕೊಟ್ಟರೆ ಮಗು ಉಳಿಯುತ್ತದೆ. ಆ ಮಾತ್ರೆ ಮೂರೂ ಗಾಡಿಗಳಲ್ಲಿತ್ತು.

ಅವಳು ಸಂಗ್ರಹದಲ್ಲಿ ಚೇಳಿನ ಅಳು ಹುಡುಕಿದಳು. ಒಂದೂ ಇರಲಿಲ್ಲ. ಎರಡು ವರ್ಷದಲ್ಲಿ ಚೇಳಿಗೆಂದು ಯಾರೂ ಕೇಂದ್ರಕ್ಕೆ ಫೋನು ಮಾಡಿರಲಿಲ್ಲ. ಆ ಕಡೆ ಚೇಳು ಕಡಿದರೆ ಮಂತ್ರ ಹಾಕುವವನ ಹತ್ತಿರ ಹೋಗುತ್ತಾರೆ. ಹಿಂದಿನಿಂದ ನಡೆದುಬಂದದ್ದು. ಕೇಂದ್ರದಲ್ಲಿ ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದರೂ, ಯಂತ್ರಕ್ಕೆ ಕಲಿಸುವಾಗ ಯಾರಿಗೂ ನೆನಪಾಗಿರಲಿಲ್ಲ.

ಇನಾಮದಾರನಿಗೆ ಹೇಳಿದಳು. ಅವನು ಕೇಳಿಸಿಕೊಂಡ. ಚೇಳಿನ ಕರೆಯೇ ಬಾರದಿದ್ದರೆ ಯಂತ್ರ ತಪ್ಪುವುದಾದರೂ ಎಲ್ಲಿ ಎಂದ. ಸಮಿತಿ ಬಂದು ಹೋಗಲಿ, ಆಮೇಲೆ ಅದನ್ನೂ ಕಲಿಸೋಣ ಎಂದ. ಅವನ ಮಾತಿನಲ್ಲಿ ತರ್ಕವಿತ್ತು. ಅವಳು ಒಪ್ಪಿದಳು.

ಮರುದಿನ ಕೆಲಸದಲ್ಲಿದ್ದಾಗ ಕಿಟಕಿಯ ಹೊರಗೆ ಮೈಕು ಕಟ್ಟಿದ ಆಟೊ ಹೋಯಿತು. ಆರೋಗ್ಯ ಇಲಾಖೆಯದು. ಹಾವು ಚೇಳು ಕಡಿದರೆ ಮಂತ್ರಕ್ಕೆ ಹೋಗಬೇಡಿ, ಮಕ್ಕಳಾದರೆ ಕೂಡಲೇ ಮಕ್ಕಳ ತುರ್ತು ಕೇಂದ್ರಕ್ಕೆ ಫೋನು ಮಾಡಿ, ಗಾಡಿ ಬರುವ ತನಕ ಮಗುವನ್ನು ಅಲುಗಾಡಿಸಬೇಡಿ ಎಂದು ಕೂಗುತ್ತಿತ್ತು. ಆಟೊ ತಿರುವು ದಾಟಿದ ಮೇಲೂ ಅವಳು ಕಿಟಕಿಯ ಹತ್ತಿರವೇ ನಿಂತಿದ್ದಳು. ಅವತ್ತಿನಿಂದ ಫೋನು ಬಡಿದುಕೊಂಡಾಗೆಲ್ಲ, ಕೇಂದ್ರದಲ್ಲಿ ಕರೆ ತೆಗೆಯುವ ರಿಜ್ವಾನಾಳ ಮುಖವನ್ನು ಪರದೆಗಿಂತ ಮೊದಲು ನೋಡುತ್ತಿದ್ದಳು.

ನಿಯಮ ಹೀಗಿತ್ತು: ರಿಜ್ವಾನಾ ತಾಯಿಯ ಮಾತು ಕೇಳಿ ಯಂತ್ರದ ಬಣ್ಣ ಬದಲಿಸುವ ಹಾಗಿಲ್ಲ. ಸರೋಜಿನಿ ಬದಲಿಸಬಹುದು. ಹಾಗೆ ಬದಲಿಸಿದ ಪ್ರತಿಯೊಂದೂ ಯಂತ್ರದ ಸೋಲು ಎಂದು ಸಮಿತಿಗೆ ಕಾಣಿಸುತ್ತದೆ.

ಸಮಿತಿ ಬಂದ ದಿನ ಬಿಸಿಲು ಜೋರಾಗಿತ್ತು. ನಾಲ್ಕು ಜನ ಬಂದಿದ್ದರು. ಹಿರಿಯ ಅಧಿಕಾರಿಣಿ ಎಲ್ಲವನ್ನೂ ಗಮನವಿಟ್ಟು ಕೇಳಿ, ಒಳ್ಳೆಯ ಪ್ರಶ್ನೆಗಳನ್ನೇ ಕೇಳಿದರು. ಹೊಸ ತಿದ್ದುಪಡಿಯ ಮೇಲೆ ವ್ಯರ್ಥ ಓಡಾಟ ಬಹಳ ಇಳಿದಿತ್ತು. ಇನಾಮದಾರ ಈಗ ಬರುವ ಕರೆಯನ್ನು ಸ್ಪೀಕರಿನಲ್ಲಿ ಕೇಳಿಸುತ್ತೇನೆ ಎಂದ.

ಆ ಹೊತ್ತಿಗೆ ಗಣಿಯ ಶೆಡ್ಡಿನಲ್ಲಿ ಹುಲಿಗೆಮ್ಮ ಮಗಳ ಕಾಲು ಹಿಡಿದು ಕೂತಿದ್ದಳು. ಮಗಳು ಸಾವಂತ್ರಿಗೆ ಮೂರು ವರ್ಷ. ಕಿತ್ತಿಟ್ಟ ಹಾಸುಗಲ್ಲುಗಳ ನೆರಳಿನಲ್ಲಿ ಆಡುತ್ತಿದ್ದವಳು ಕಿರುಚಿದಳು. ಕಲ್ಲಿನ ಸಂದಿಗೆ ಚೇಳು ಸರಿದು ಹೋದದ್ದನ್ನು ಹುಲಿಗೆಮ್ಮ ಕಣ್ಣಾರೆ ಕಂಡಳು. ಗಂಡ ಗಣಿಯ ಕೆಳಗೆ ಇದ್ದ. ಅತ್ತೆ ಓಡಿ ಬಂದಳು. ಅತ್ತೆ ಎಂದರೆ ಬಸಮ್ಮ. ಟ್ರಾಕ್ಟರ್ ತರಿಸು, ಮಂತ್ರದ ಹನುಮಪ್ಪನ ಹಂತೇಕ ಹೋಗೂಣು ಎಂದು ಬಸಮ್ಮ ಹೇಳಿದಳು. ಹುಲಿಗೆಮ್ಮ ಬೇಡ ಎಂದಳು. ಆಟೊ ಕೂಗಿದ್ದನ್ನು ಅವಳು ಕೇಳಿದ್ದಳು. ಆಶಾ ಕಾರ್ಯಕರ್ತೆಯೂ ಮನೆಗೆ ಬಂದು ಹೇಳಿ ಹೋಗಿದ್ದಳು. ಮಂತ್ರದಿಂದ ಏನೂ ಆಗುವುದಿಲ್ಲ ಎಂಬುದನ್ನು ಅವಳು ನಂಬಿದ್ದಳು. ನಂಬಿದ್ದು ಸರಿಯಾಗಿಯೇ ಇತ್ತು. ಅವಳು ಫೋನು ಮಾಡಿದಳು.

ಕೇಂದ್ರದ ಕೋಣೆಯಲ್ಲಿ ಸಾವಂತ್ರಿಯ ಅಳು ದೊಡ್ಡದಾಗಿ ಕೇಳಿತು. ಒಂದು ಗಳಿಗೆ ಸದ್ದಿಲ್ಲ, ಆಮೇಲೆ ಸೀಳುವ ಅಳು, ಅದರ ಹಿಂದೆ ದೊಡ್ಡ ಉಸಿರು. ಪರದೆ ಬಿಳಿಯಾಯಿತು. ಕೆಳಗೆ ಸಣ್ಣ ಅಕ್ಷರದಲ್ಲಿ, ಚಿವುಟಿದ ಅಳುವಿನ ಸಾಧ್ಯತೆ ಹೆಚ್ಚು ಎಂದು ಬಂತು.

"ಚೇಳು ಕಡದೈತ್ರೀ ಮೇಡಮ್ಮಾರ," ಎಂದಳು ಹುಲಿಗೆಮ್ಮ. "ನಾ ನೋಡೀನ್ರಿ. ಕೆಂಪಂದು."

ಸರೋಜಿನಿ ಬಣ್ಣ ಬದಲಿಸುವ ಗುಂಡಿಯ ಹತ್ತಿರ ಕೈ ತಂದಳು. ರಿಜ್ವಾನಾ ಅವಳ ಕಡೆ ನೋಡಿದಳು. ಇನಾಮದಾರ ಅಧಿಕಾರಿಣಿಗೆ ವಿವರಿಸುತ್ತಿದ್ದ: ಇದೇ ಶೆಡ್ಡುಗಳಿಂದ ಹೋದ ವರ್ಷ ಬಂದ ಕರೆಗಳಲ್ಲಿ ಮುಕ್ಕಾಲು ಪಾಲು ಸುಳ್ಳು, ಹಾವು ಎಂದಿದ್ದಾರೆ, ಫಿಟ್ಸ್ ಎಂದಿದ್ದಾರೆ, ಹೋಗಿ ನೋಡಿದರೆ ಹೊಟ್ಟೆನೋವು. ಅವನು ಹೇಳಿದ್ದೆಲ್ಲ ನಿಜ.

ಸರೋಜಿನಿ ಆ ಗುಂಡಿ ಒತ್ತಿದರೆ ಪರದೆ ಕೆಂಪಾಗುತ್ತಿತ್ತು. ಚೇಳು ನಿಜವಾದರೆ ಮಗು ಉಳಿಯುತ್ತದೆ. ಸುಳ್ಳಾದರೆ, ತನ್ನ ಯಂತ್ರವನ್ನು ತಾನೇ ನಂಬದ ಇಂಜಿನಿಯರ್ ಎಂದು ಸಮಿತಿ ಬರೆದುಕೊಳ್ಳುತ್ತದೆ, ಗಾಡಿಗಳು ಹೋಗುತ್ತವೆ. ಗಾಡಿ ಹೋದರೆ ವರ್ಷಕ್ಕೆ ಎಷ್ಟು ಮಕ್ಕಳು ಎಂಬುದೂ ಅವಳಿಗೆ ಗೊತ್ತಿತ್ತು. ಹಳದಿಗೆ ತಿರುಗಿಸಿದರೂ ಅದು ಯಂತ್ರದ ಸೋಲೇ. ಅವಳು ನಡುವಿನ ದಾರಿ ಹುಡುಕಿದಳು. ಇನ್ನೊಮ್ಮೆ ಅಳು ಕೇಳಿಸಲು ಹೇಳು ಎಂದು ರಿಜ್ವಾನಾಳಿಗೆ ಹೇಳಿದಳು. ಚೇಳಿನ ವಿಷ ಏರುತ್ತಿದ್ದರೆ ಎರಡನೆಯ ಅಳುವಿನ ಉಸಿರಿನಲ್ಲಿ ಏನಾದರೂ ಸಿಗಬಹುದು ಎಂದು ಅವಳ ಲೆಕ್ಕ. ತಪ್ಪು ಲೆಕ್ಕವಲ್ಲ.

ರಿಜ್ವಾನಾ ಹುಲಿಗೆಮ್ಮನಿಗೆ ಫೋನು ಮಗುವಿನ ಬಾಯಿಯ ಹತ್ತಿರ ಹಿಡಿಯಲು ಹೇಳಿದಳು.

ಶೆಡ್ಡಿನಲ್ಲಿ ಇದಕ್ಕೆ ಒಂದೇ ಅರ್ಥ ಇತ್ತು: ಮೊದಲ ಅಳು ಸಾಲಲಿಲ್ಲ. ಸಾವಂತ್ರಿ ಆಗ ಅಳುತ್ತಿರಲಿಲ್ಲ, ಬೆವರಿ ಮುಲುಗುತ್ತಿದ್ದಳು. ಬಸಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡಳು. ಹುಲಿಗೆಮ್ಮ ಬ್ಯಾಡ ಅತ್ತಿ ಎಂದಳಂತೆ. ಅಳಲಿಲ್ಲಂದ್ರ ಗಾಡಿ ಬರೂದಿಲ್ಲ ಎಂದು ಬಸಮ್ಮ ಒಳತೊಡೆಯನ್ನು ಹಿಡಿದು ತಿರುವಿದಳು. ಮಗು ಅತ್ತಿತು.

ಪರದೆಯ ಮೇಲೆ ಬಿಳಿ ಬಂತು. ಈ ಸಲ ಯಂತ್ರಕ್ಕೆ ಸಂಶಯವೇ ಇರಲಿಲ್ಲ. ಕೆಳಗಿನ ಅಕ್ಷರ ಬದಲಾಗಿತ್ತು: ಖಚಿತವಾಗಿ ಚಿವುಟಿದ ಅಳು. ಅದು ಖಚಿತವಾಗಿ ಚಿವುಟಿದ ಅಳುವೇ ಆಗಿತ್ತು.

ಸರೋಜಿನಿ ಉಸಿರು ಬಿಟ್ಟಳು. ಗುಂಡಿಯ ಹತ್ತಿರ ಇದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಅಧಿಕಾರಿಣಿ, "ಇದು ಒಳ್ಳೆಯದಾಯ್ತು. ಮಕ್ಕಳನ್ನು ಚಿವುಟೋದನ್ನಾದರೂ ಬಿಡ್ತಾರೆ," ಎಂದರು. ಅವರ ದನಿಯಲ್ಲಿ ನಿಜವಾದ ಕನಿಕರ ಇತ್ತು. ಅರ್ಧ ಗಂಟೆ ಬಿಟ್ಟು ಮತ್ತೆ ಫೋನು ಮಾಡಿ ಎಂದು ರಿಜ್ವಾನಾ ಹುಲಿಗೆಮ್ಮನಿಗೆ ಹೇಳಿದಳು. ಸಮಿತಿ ಊಟಕ್ಕೆ ಎದ್ದಿತು.

ಸರೋಜಿನಿ ಊಟಕ್ಕೆ ಹೋಗಲಿಲ್ಲ. ಮೊದಲನೆಯ ಅಳುವನ್ನು ಕಿವಿಗೆ ಹಾಕಿಕೊಂಡು ಮತ್ತೆ ಕೇಳಿದಳು. ಎರಡನ್ನೂ ಒಂದರ ಕೆಳಗೊಂದು ಇಟ್ಟು ಗೆರೆಗಳನ್ನು ನೋಡಿದಳು. ಎರಡನೆಯ ಅಳು ಲಸಿಕೆಯ ಅಳುಗಳ ಹಾಗೆ ಏರಿ, ಇಳಿದು, ಹಂತಹಂತವಾಗಿ ಸಮಾಧಾನವಾಗುತ್ತಿತ್ತು. ಮೊದಲನೆಯದು ಹಾಗಿರಲಿಲ್ಲ. ದೊಡ್ಡ ಉಸಿರಿನ ಮೇಲೆ ಬಹಳ ಸಣ್ಣ ಒಂದು ಅಲುಗಾಟ, ಚಳಿಗೆ ಹಲ್ಲು ಕಟಕಟಿಸಿದಂತೆ. ಅಂಥದನ್ನು ಅವಳು ಎಲ್ಲೂ ಕಂಡಿರಲಿಲ್ಲ. ಕಾಣಲು ಸಾಧ್ಯವೂ ಇರಲಿಲ್ಲ, ಏಕೆಂದರೆ ಅಂಥ ಅಳು ಸಂಗ್ರಹದಲ್ಲೇ ಇರಲಿಲ್ಲ.

ಎರಡು ಅಳುಗಳು ಬೇರೆ ಬೇರೆಯಾಗಿದ್ದರೆ, ಮೊದಲ ಸಲ ಯಾರೂ ಚಿವುಟಿರಲಿಲ್ಲ.

ಅವಳು ಎದ್ದು ರಿಜ್ವಾನಾಳ ಮೇಜಿಗೆ ಬರುವಷ್ಟರಲ್ಲಿ ಫೋನು ಬಡಿದುಕೊಂಡಿತು. ಅದೇ ನಂಬರು. ಅರ್ಧ ಗಂಟೆ ಆಗಿರಲಿಲ್ಲ, ಹುಲಿಗೆಮ್ಮ ಕಾಯದೆ ಮಾಡಿದ್ದಳು. ಸ್ಪೀಕರಿನಲ್ಲಿ ಹೆಂಗಸರ ಗದ್ದಲ ಕೇಳಿತು, ಮಗುವಿನ ಅಳು ಕೇಳಲಿಲ್ಲ. ಚಿವುಟು ಎಂದು ಯಾರೋ ಹೇಳಿದರು.

"ಚಿವುಟೀನಿ," ಎಂದು ಬಸಮ್ಮನ ದನಿ ಬಂತು. "ಅಳವಲ್ಲದು."

ಯಂತ್ರ ಕೂಡಲೇ ಕೆಂಪಾಯಿತು. ಅಳದೆ, ಗೊರಗುಟ್ಟುವ ಉಸಿರಷ್ಟೇ ಉಳಿದ ಮಗು ಎಂಥ ಸ್ಥಿತಿಯಲ್ಲಿದೆ ಎಂಬುದನ್ನು ಅದಕ್ಕೆ ಚೆನ್ನಾಗಿ ಕಲಿಸಿದ್ದರು.

ಗಾಡಿ ಹೋಯಿತು. ದಾರಿಯಲ್ಲಿ ಕಲ್ಲಿನ ಲಾರಿಗಳು ಅಡ್ಡ ಇದ್ದವು, ಚಾಲಕ ಹೊಲಕ್ಕಿಳಿಸಿ ಓಡಿಸಿದ. ನರ್ಸ್ ಮಗುವನ್ನು ಎತ್ತಿಕೊಂಡಾಗ ಕೈಕಾಲು ತಣ್ಣಗಿದ್ದವು, ತುಟಿಯಂಚಿನಲ್ಲಿ ನಸುಗೆಂಪು ನೊರೆ ಇತ್ತು. ಪರದೆಯಲ್ಲಿ ಡಾಕ್ಟರು ಹೇಳಿದ್ದನ್ನೆಲ್ಲ ಅವಳು ಮಾಡಿದಳು. ಹಾಸಿಗೆ ತೂಕ ಹೇಳಿತು, ಔಷಧಿಯ ಪ್ರಮಾಣ ಹೇಳಿತು. ಸೂಜಿ ಒಂದೇ ಸಲಕ್ಕೆ ನರ ಸೇರಿತು. ಮಾಸ್ಕ್ ಮುಖಕ್ಕೆ ಅಳತೆ ತೆಗೆದು ಹೊಲಿದಂತೆ ಕೂತಿತು. ಊರು ಇನ್ನೂ ದೂರ ಇರುವಾಗಲೇ ಸಾವಂತ್ರಿ ಸತ್ತಳು.

ಸಮಿತಿಯ ವರದಿಯಲ್ಲಿ ಆ ಕರೆಯ ಪ್ರಸ್ತಾಪ ಇತ್ತು. ಎರಡನೆಯ ಅಳುವಿನಲ್ಲಿ ಚಿವುಟಿದ್ದನ್ನೂ, ಮುಂದಿನ ಕರೆಯಲ್ಲಿ ಅಪಾಯವನ್ನೂ ಯಂತ್ರ ಸರಿಯಾಗಿ ಗುರುತಿಸಿತು ಎಂದು ಬರೆದಿದ್ದರು. ಮೊದಲ ಅಳುವಿನ ಬಗ್ಗೆ ಹೆಚ್ಚಿನ ಮಾಹಿತಿ ಸಂಗ್ರಹಿಸಬೇಕು ಎಂದಿದ್ದರು. ಅನುದಾನದ ಮೂರನೆಯ ಕಂತು ಬಂತು. ಇನಾಮದಾರ ಪೇಢಾ ತರಿಸಲಿಲ್ಲ, ಅಷ್ಟು ಮಾತ್ರ ಮಾಡಿದ.

ಸರೋಜಿನಿ ಯಂತ್ರವನ್ನು ತಿದ್ದಿದಳು. ಈಗ ಅವಳ ಬಳಿ ಒಂದು ಚೇಳಿನ ಅಳು ಇತ್ತು. ಬೇರೆ ಜಿಲ್ಲೆಗಳಿಂದ ಇನ್ನಷ್ಟು ತರಿಸಿದಳು. ಮಾತು ಕೇಳದ ನಿಯಮವನ್ನೂ ಸಡಿಲಿಸಿದಳು. ತಾಯಿ ಹಾವು, ಚೇಳು, ಸುಟ್ಟಿದೆ ಎಂದರೆ ಯಂತ್ರ ಬಿಳಿ ತೋರಿಸುವ ಹಾಗಿಲ್ಲ. ಪಂಚಾಯ್ತಿ ಸದಸ್ಯರು ಆ ಮೂರು ಶಬ್ದಗಳನ್ನು ತಿಂಗಳೊಳಗೆ ಕಲಿತರು.

ಅವಳು ಗಣಿಯ ಶೆಡ್ಡುಗಳಿಗೂ ಹೋದಳು. ಯಂತ್ರ ಸರಿಹೋಗಿದೆ, ಮತ್ತೆ ಫೋನು ಮಾಡಿ ಎಂದು ಹೇಳಬೇಕಿತ್ತು. ಹುಲಿಗೆಮ್ಮ ಹೊರಗೆ ಬರಲಿಲ್ಲ. ಬಸಮ್ಮ ಕಲ್ಲಿನ ಮೇಲೆ ಕೂತು ಜಲ್ಲಿ ಒಡೆಯುತ್ತಿದ್ದಳು, ಸುತ್ತಿಗೆ ನಿಲ್ಲಿಸಲಿಲ್ಲ. ಸರೋಜಿನಿ ಹೇಳುವುದನ್ನೆಲ್ಲ ಹೇಳಿದಳು.

"ಮಷಿನ್ನಿಗೆ ಬುದ್ಧಿ ಬಂತಂತೀರಿ," ಎಂದಳು ಬಸಮ್ಮ. "ನಮಗೂ ಬಂತ್ರಿ."

ಸರೋಜಿನಿ ಮನೆಗೆ ಬಂದಾಗ ಅಕ್ಕನ ಮಗ ಹೊಸ್ತಿಲಲ್ಲಿ ಆಡುತ್ತಿದ್ದ. ಅವಳು ಕೈ ಚಾಚಿದಳು. ಅವನು ಕಾಲು ಮಡಚಿಕೊಂಡ.

ಆಮೇಲೆ ಶೆಡ್ಡುಗಳಿಂದ ಕೇಂದ್ರಕ್ಕೆ ಒಂದು ಕರೆಯೂ ಬರಲಿಲ್ಲ. ವರ್ಷದ ಕೊನೆಗೆ ಆಶಾ ಕಾರ್ಯಕರ್ತೆ ಲೆಕ್ಕ ಕೊಟ್ಟಳು. ಮಳೆಗಾಲದಲ್ಲಿ ಒಂದು ಕೂಸು ನ್ಯುಮೋನಿಯಾದಿಂದ, ದಸರೆಯ ಮುಂದೆ ಇನ್ನೊಂದು ವಾಂತಿಭೇದಿಯಿಂದ ಹೋಗಿತ್ತು. ಎರಡಕ್ಕೂ ಯಾರೂ ಫೋನು ಮಾಡಿರಲಿಲ್ಲ. ಎರಡೂ ದಿನ ಗಾಡಿ ಕೇಂದ್ರದ ಮುಂದೆ ಖಾಲಿ ನಿಂತಿತ್ತು.

ಗಾಡಿಗಳು ಮೂರೂ ಉಳಿದವು. ಆ ಶೆಡ್ಡುಗಳಲ್ಲಿ ಸತ್ತ ಮಕ್ಕಳು ಮೂವರು.